ಅಕ್ಕಿಯಿಲ್ಲದ ಇಡ್ಲಿ

ಬೆಳಗಿನ ಹೊತ್ತು ಲಾಲ್‌ಬಾಗಿನಲ್ಲಿ ನಾಲ್ಕು ಸುತ್ತು ತಿರುಗಿ, ಹಸಿದು, ಮಾವಳ್ಳಿಯ ಕಡೆಯ ಬಾಗಿಲಿನಿಂದ ಹೊರಬಂದವರು ಇತಿಹಾಸದ ಪ್ರಶ್ನೆಗಳನ್ನು ಕೇಳಿಕೊಳ್ಳುವುದಿಲ್ಲ. ರವೆ ಇಡ್ಲಿಯ ತಟ್ಟೆ ಮುಂದೆ ಬಂದಾಗ ಅದರ ನೆತ್ತಿಯ ಮೇಲಿನ ಗೋಡಂಬಿ ಕಣ್ಣಿಗೆ ಬೀಳುತ್ತದೆಯೇ ಹೊರತು ಅದರ ಹಿಂದಿರುವ ಯುದ್ಧ ಬೀಳುವುದಿಲ್ಲ. ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಯುದ್ಧಕಾಲದ ಅಭಾವದ ಕಥೆಯನ್ನು. ಜೊತೆಗೆ, ಘಟ್ಟ ಹತ್ತಿ ಬಂದು ಒಂದು ನಗರಕ್ಕೆ ಮನೆಯಾಚೆ ಕುಳಿತು ತಿನ್ನುವುದನ್ನು ಕಲಿಸಿದ ಕೆಲವರ ಕಥೆಯನ್ನು.

ಮನೆಯಾಚೆ ತಿನ್ನುವುದು ಒಂದು ಕಾಲಕ್ಕೆ ಮರ್ಯಾದೆಗೆ ಕುಂದೆನಿಸಿತ್ತು. ಪ್ರಯಾಣ ಹೊರಟವರು ಬುತ್ತಿ ಕಟ್ಟಿಕೊಳ್ಳುತ್ತಿದ್ದರು; ಬುತ್ತಿ ಮುಗಿದ ಊರಿನಲ್ಲಿ ನೆಂಟರ ಮನೆಯನ್ನೋ ಛತ್ರವನ್ನೋ ಹುಡುಕುತ್ತಿದ್ದರು. ಬೇಯಿಸಿದವರು ಯಾರು, ಬಡಿಸಿದವರು ಯಾರು, ಪಕ್ಕದ ಎಲೆಯಲ್ಲಿ ಕುಳಿತವರು ಯಾರು ಎಂಬುದು ತಿಳಿಯದೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ‘ಹೋಟೆಲಿನಲ್ಲಿ ತಿನ್ನುವವನು’ ಎಂಬ ಮಾತು ನಮ್ಮ ಅಜ್ಜಿಯ ಬಾಯಲ್ಲಿ ಒಂದು ಸಣ್ಣ ಬೈಗುಳವೇ ಆಗಿತ್ತು. ಆದರೆ ಕಚೇರಿ, ಕೋರ್ಟು, ಕಾಲೇಜು, ಗಿರಣಿಗಳಿರುವ ಊರಿಗೆ ಒಂಟಿ ಗಂಡಸರು ಬಂದು ಬಾಡಿಗೆ ಕೋಣೆಗಳಲ್ಲಿ ನೆಲೆಸತೊಡಗಿದಾಗ ಬುತ್ತಿ ಎಷ್ಟು ದಿನ ಬಂದೀತು?

ಈ ಪ್ರಶ್ನೆಗೆ ಉತ್ತರ ಕರಾವಳಿಯಿಂದ ಬಂತು. ಉಡುಪಿಯ ಸುತ್ತಿನ ಊರುಗಳಲ್ಲಿ ಮಠ, ದೇವಸ್ಥಾನಗಳ ದೊಡ್ಡ ಅಡುಗೆಯಲ್ಲಿ ಕೈ ಪಳಗಿದವರಿದ್ದರು. ಇದ್ದ ಗದ್ದೆ ಹಂಚಿಹೋಗಿ ಹೊಟ್ಟೆಗೆ ಸಾಲದಿದ್ದವರೂ ಇದ್ದರು. 1923ರ ನೆರೆ ದಕ್ಷಿಣ ಕನ್ನಡವನ್ನು ತೊಳೆದುಕೊಂಡು ಹೋದಮೇಲೆ ಊರು ಬಿಡುವವರ ಸಂಖ್ಯೆ ಇನ್ನಷ್ಟು ಹೆಚ್ಚಿತು. ಮಂಗಳೂರಿನಿಂದ ಮದ್ರಾಸಿಗೆ 1907ರಿಂದಲೇ ರೈಲಿತ್ತು. ಬೆಂಗಳೂರಿಗೆ ಬರಬೇಕೆಂದರೆ ಮಾತ್ರ ಘಟ್ಟವನ್ನು ಹತ್ತಿಯೇ ಬರಬೇಕು. ಹಾಸನ–ಮಂಗಳೂರು ರೈಲುಮಾರ್ಗ ಸಿದ್ಧವಾದದ್ದು 1979ರಲ್ಲಿ. ಕಾಡು, ಜಿಗಣೆ, ಮಳೆ, ಅರ್ಧ ದಾರಿಯಲ್ಲಿ ಕೆಟ್ಟು ನಿಲ್ಲುವ ಮೋಟಾರು, ಇವನ್ನೆಲ್ಲ ದಾಟಿ ಹದಿನಾಲ್ಕು ಹದಿನೈದರ ಹುಡುಗರು ಅಪರಿಚಿತ ನಗರಕ್ಕೆ ಬಂದು, ಪಾತ್ರೆ ತೊಳೆಯುವುದರಿಂದ ಆರಂಭಿಸಿ, ಮಾಣಿಗಳಾಗಿ, ಅಡುಗೆಯವರಾಗಿ, ಪುಣ್ಯವಿದ್ದರೆ ಗಲ್ಲಾದ ಮೇಲೆ ಕೂತರು. ನಮ್ಮ ಸಾಹಸಕಥೆಗಳಲ್ಲಿ ಈ ಪ್ರಯಾಣ ಬರುವುದಿಲ್ಲ. ಹಿಮಾಲಯಕ್ಕೆ ಹೋದವರು ಪುಸ್ತಕ ಬರೆದರು; ಆಗುಂಬೆ ಹತ್ತಿದವರು ದೋಸೆ ಹುಯ್ದರು.

ಉಡುಪಿಯ ಸಮೀಪದ ಪಾರಂಪಳ್ಳಿಯಿಂದ ಹೀಗೆ ಬಂದವರು ಮಯ್ಯ ಸಹೋದರರು. ಅನ್ಯರ ಮನೆಗಳಲ್ಲಿ ಅಡುಗೆ ಮಾಡಿಕೊಂಡಿದ್ದ ಅವರು 1924ರಲ್ಲಿ ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ಒಂದು ಚಿಕ್ಕ ಕಾಫಿ, ಇಡ್ಲಿಗಳ ಅಂಗಡಿ ತೆರೆದರು. ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್.

ಈ ಹೆಸರಿನ ಮುಂದೆ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಆ ಕಾಲದ ಹಲಗೆಗಳ ಮೇಲೆ ಈ ಜಾತಿಸೂಚಕ ಪದ ಸಾಮಾನ್ಯವಾಗಿತ್ತು. ಬ್ರಾಹ್ಮಣನು ಬೇಯಿಸಿದ್ದಾದರೆ ಉಳಿದವರೆಲ್ಲ ಅನುಮಾನವಿಲ್ಲದೆ ತಿನ್ನುತ್ತಾರೆ ಎಂಬುದು ಅದರ ವ್ಯಾಪಾರದ ಅರ್ಥ. ಅದಕ್ಕೆ ಇನ್ನೊಂದು ಅರ್ಥವೂ ಇತ್ತು. ಒಳಗೆ ಬ್ರಾಹ್ಮಣರಿಗೊಂದು ಕೋಣೆ, ಇತರರಿಗೆ ಇನ್ನೊಂದು ಎಂಬ ಏರ್ಪಾಡು ಎಷ್ಟೋ ಹೋಟೆಲುಗಳಲ್ಲಿತ್ತು. ಅಸ್ಪೃಶ್ಯರೆಂದು ದೂರವಿಟ್ಟವರಿಗೆ ಒಳಗೆ ಕೋಣೆಯೇ ಇರಲಿಲ್ಲ. ಉಡುಪಿ ಹೋಟೆಲು ಜಾತಿಯನ್ನು ಮುರಿಯಿತು ಎಂದು ಹೊಗಳುವವರಿದ್ದಾರೆ. ಅಷ್ಟು ಸುಲಭವಾಗಿ ಹಾಗೆ ಹೇಳಲಾರೆ. ಕಾಸು ಕೊಟ್ಟವರನ್ನು ಒಂದೇ ಸೂರಿನಡಿ ಕೂರಿಸುವ ಅಭ್ಯಾಸವನ್ನು ಅದು ಬೆಳೆಸಿತು, ನಿಜ. ಆದರೆ ಬಾಗಿಲು ಪೂರ್ತಿ ತೆರೆಯಲು ಕಾನೂನೇ ಬರಬೇಕಾಯಿತು. ಉಪಾಹಾರಗೃಹಗಳ ಪ್ರವೇಶವನ್ನು ಜಾತಿಯ ಕಾರಣದಿಂದ ಯಾರಿಗೂ ತಡೆಯಕೂಡದೆಂದು 1950ರ ಸಂವಿಧಾನ ವಿಧಿಸಿತು. ತಡೆದವರಿಗೆ ಶಿಕ್ಷೆಯೆಂದು 1955ರ ಕಾಯಿದೆ ಹೇಳಿತು.

ಇನ್ನು ಯುದ್ಧದ ಮಾತು. 1942ರ ಮಾರ್ಚಿಯಲ್ಲಿ ಜಪಾನಿನ ಸೈನ್ಯ ರಂಗೂನನ್ನು ಹಿಡಿಯಿತು. ಬರ್ಮಾದಿಂದ ಭಾರತಕ್ಕೆ ವರ್ಷವರ್ಷವೂ ಹತ್ತು ಲಕ್ಷ ಟನ್ನಿಗೂ ಮಿಕ್ಕಿ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಬಂಗಾಳದಲ್ಲಿ ಮರುವರ್ಷ ಕ್ಷಾಮ ತಲೆದೋರಿ 20ರಿಂದ 30 ಲಕ್ಷ ಜನ ಸತ್ತರೆಂದು ಅಂದಾಜು. ಅದಕ್ಕೆ ಕಾರಣಗಳು ಹಲವು; ಬರ್ಮಾದ ಅಕ್ಕಿ ನಿಂತದ್ದು ಅವುಗಳಲ್ಲಿ ಒಂದು ಮಾತ್ರ. ಇತ್ತ ಮೈಸೂರು ಸೀಮೆಯಲ್ಲಿ ರಾಗಿ ಉಣ್ಣುವ ಹಳ್ಳಿಗಳಿಗಿಂತ ಅಕ್ಕಿಯನ್ನೇ ನಂಬಿದ ನಗರದ ಮನೆಗಳಿಗೂ ಹೋಟೆಲುಗಳಿಗೂ ಬಿಸಿ ಹೆಚ್ಚು ತಟ್ಟಿತು. ಅಕ್ಕಿಯಿಲ್ಲದೆ ಇಡ್ಲಿಯಿಲ್ಲ; ಇಡ್ಲಿಯಿಲ್ಲದೆ ಬೆಂಗಳೂರಿನ ಹೋಟೆಲು ಬೆಳಿಗ್ಗೆ ಬಾಗಿಲು ತೆರೆಯುವುದು ಹೇಗೆ?

ಮಯ್ಯರ ಅಡುಗೆಮನೆಯಲ್ಲಿ ಆಗ ಗೋಧಿಯ ರವೆಯಿಂದ ಪ್ರಯೋಗ ನಡೆಯಿತೆಂದೂ ಅದರ ಫಲವೇ ರವೆ ಇಡ್ಲಿಯೆಂದೂ ಆ ಸಂಸ್ಥೆಯವರು ಹೇಳುತ್ತ ಬಂದಿದ್ದಾರೆ. ಅದಕ್ಕೂ ಮುಂಚೆ ಯಾವುದೋ ಮನೆಯಲ್ಲಿ ಯಾವ ಗೃಹಿಣಿಯೂ ಉಪ್ಪಿಟ್ಟಿನ ರವೆಯನ್ನು ಇಡ್ಲಿ ತಟ್ಟೆಗೆ ಹಾಕಿರಲಿಲ್ಲವೆಂದು ನಾನು ಪ್ರಮಾಣ ಮಾಡಲಾರೆ. ಹೆಂಗಸರ ಅಡುಗೆಮನೆಯ ಶೋಧಗಳನ್ನು ದಾಖಲೆ ಮಾಡುವ ಪದ್ಧತಿ ನಮ್ಮಲ್ಲಿ ಎಂದೂ ಇರಲಿಲ್ಲ. ಅದು ಹೇಗೇ ಇರಲಿ, ಪ್ರಯೋಗ ಜಾಣತನದ್ದು. ಉದ್ದು ರುಬ್ಬಿ ರಾತ್ರಿಯಿಡೀ ಹುಳಿಬರಿಸಿ ಪಡೆಯುವ ಉಬ್ಬನ್ನು ಇಲ್ಲಿ ಹುಳಿ ಮೊಸರೂ ಸೋಡಾಪುಡಿಯೂ ಕೂಡಿ ಕೆಲವೇ ನಿಮಿಷಗಳಲ್ಲಿ ತಂದುಕೊಡುತ್ತವೆ. ಹುರಿದ ರವೆಗೆ ಸಾಸಿವೆ, ಕರಿಬೇವು, ಗೋಡಂಬಿಗಳ ಒಗ್ಗರಣೆ ಬಿದ್ದು, ಪಕ್ಕದಲ್ಲಿ ಆಲೂಗೆಡ್ಡೆ ಸಾಗುವೂ ಮೇಲೊಂದಿಷ್ಟು ತುಪ್ಪವೂ ಬಂದಮೇಲೆ, ಅಕ್ಕಿ ಎಲ್ಲಿ ಎಂದು ಕೇಳುವವರು ಯಾರು? ಯುದ್ಧ ಮುಗಿಯಿತು, ಅಕ್ಕಿ ಬಂತು; ಬದಲಿಗೆಂದು ಬಂದ ತಿಂಡಿ ಮಾತ್ರ ಹೋಗಲಿಲ್ಲ.

ಶಾಸ್ತ್ರೀಯ ಇಡ್ಲಿಗೆ ಇದು ಅಪಚಾರವೆಂದು ಮೂಗು ಮುರಿಯುವ ಗೆಳೆಯರು ನನಗಿದ್ದಾರೆ. ಅವರಿಗೆ ನಮ್ಮ ಹಳಗನ್ನಡವೇ ಉತ್ತರ ಹೇಳುತ್ತದೆ. ಹತ್ತನೆಯ ಶತಮಾನದ್ದೆಂದು ಎಣಿಸುವ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ಮಾತು ಬರುತ್ತದೆ. ಸುಮಾರು 1025ರ ‘ಲೋಕೋಪಕಾರ’ದಲ್ಲಿ ಚಾವುಂಡರಾಯನು (ಗೊಮ್ಮಟನನ್ನು ನಿಲ್ಲಿಸಿದವನಲ್ಲ, ಆಮೇಲಿನವನು) ಅದನ್ನು ಮಾಡುವ ಕ್ರಮವನ್ನೇ ಕೊಟ್ಟಿದ್ದಾನೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನೂ ಬೆರೆಸುವುದು. ಅಕ್ಕಿಯ ಸುದ್ದಿಯೇ ಇಲ್ಲ! ಮುಂದೆ ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ಸೋಮೇಶ್ವರನ ‘ಮಾನಸೋಲ್ಲಾಸ’ದ ‘ಇಡ್ಡರಿಕಾ’ ಕೂಡ ಉದ್ದಿನದೇ. ಅಕ್ಕಿ ಬೆರೆಸುವುದು, ರಾತ್ರಿ ಹುಳಿಬರಿಸುವುದು ನಡುವೆ ಎಲ್ಲಿಂದಲೋ ಬಂದು ಸೇರಿಕೊಂಡದ್ದು. ಆಹಾರದ ಇತಿಹಾಸ ಬರೆದ ಕೆ. ಟಿ. ಅಚ್ಚಯ್ಯನವರು ಅದು ಇಂಡೋನೇಷ್ಯಾದಿಂದ ಬಂದಿರಬಹುದೆಂದು ಊಹಿಸಿದರು. ಊಹೆ ಸೊಗಸಾಗಿದೆ; ಆಧಾರ ತೆಳುವಾಗಿದೆ. ಹುಳಿ ಬರುವ ಹಿಟ್ಟನ್ನು ಗುರುತಿಸಲು ನಮ್ಮ ಸೆಕೆಯ ಊರಿನವರು ಕಡಲು ದಾಟಲೇಬೇಕಾಗಿತ್ತೆಂದು ನನಗೆ ತೋರುವುದಿಲ್ಲ.

ಕಡಲು ದಾಟಿದವರು ಯಜ್ಞನಾರಾಯಣ ಮಯ್ಯರು, ಅದೂ ಬೇರೆ ಕಾರಣಕ್ಕೆ. 1951ರಲ್ಲಿ ಅವರು ಯುರೋಪಿಗೆ ಹೋದರು, ಅಲ್ಲಿನ ಹೋಟೆಲುಗಳು ಹೇಗೆ ನಡೆಯುತ್ತವೆ ಎಂಬುದನ್ನು ನೋಡಲು. ನಮ್ಮ ಪ್ರವಾಸಿಗರು ಅರಮನೆಗಳನ್ನೂ ಚಿತ್ರಶಾಲೆಗಳನ್ನೂ ನೋಡಿ ಬಂದು ವರ್ಣಿಸುತ್ತಾರೆ. ಈ ಶಾಕಾಹಾರಿ ಪ್ರವಾಸಿ ಅನ್ಯರ ಅಡುಗೆಮನೆಯ ಶುಚಿಯನ್ನೂ ಶಿಸ್ತನ್ನೂ ನೋಡಿ ಬಂದರು. ಮರಳಿದ ಮೇಲೆ ತಮ್ಮಲ್ಲಿ ಪಾತ್ರೆ ಲೋಟಗಳನ್ನು ಕ್ರಿಮಿಶುದ್ಧ ಮಾಡುವ ಪದ್ಧತಿ ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಂಡೇ ಊಟಕ್ಕೆ ಕೂರಬಹುದಾಗಿತ್ತು. ಮಡಿಯನ್ನು ನಂಬಿ ತಿನ್ನುತ್ತಿದ್ದವರಿಗೆ ನೋಡಿ ತಿನ್ನಿ ಎಂದದ್ದು, ನನ್ನ ಎಣಿಕೆಯಲ್ಲಿ, ರವೆ ಇಡ್ಲಿಗಿಂತ ದೊಡ್ಡ ಪ್ರಯೋಗ. 1960ರಲ್ಲಿ ಹೊಸ ಕಟ್ಟಡಕ್ಕೆ ಹೋದಾಗ ಹಲಗೆಯ ಮೇಲಿನ ಹೆಸರೂ ಬದಲಾಯಿತು. ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೊಸ ಹೆಸರಿನಲ್ಲಿ ಜಾತಿಯಿರಲಿಲ್ಲ, ಊರಿನ ಭಾಗವೊಂದರ ಹೆಸರಿತ್ತು.

ಅದೇ ಹೋಟೆಲು ತುರ್ತುಪರಿಸ್ಥಿತಿಯ ಕಾಲದಲ್ಲಿ ಬಾಗಿಲು ಮುಚ್ಚಿತು. ತಿಂಡಿಗಳ ಬೆಲೆಯನ್ನು ಸರ್ಕಾರ ಇಳಿಸಿ ಗೊತ್ತುಮಾಡಿದಾಗ, ಆ ಬೆಲೆಗೆ ತಮ್ಮ ತುಪ್ಪ, ಬೇಳೆಗಳ ಗುಣ ಉಳಿಸಲಾಗದೆಂದು ನಷ್ಟ ತಾಳಿ ನೋಡಿ, ಕಡೆಗೆ ನಿಲ್ಲಿಸಿದರು. ಒಲೆ ಆರಿತು, ಕೆಲಸಗಾರರಿದ್ದರು, ಕೈಯಲ್ಲಿ ಹದ ಇತ್ತು. ಪಕ್ಕದಲ್ಲಿ ಅಂಗಡಿಯಿಟ್ಟು ಸಾರಿನ ಪುಡಿ, ಹುಳಿಯ ಪುಡಿ, ಕಲಸಿ ಬೇಯಿಸಿದರೆ ಸಾಕೆನ್ನುವ ರವೆ ಇಡ್ಲಿಯ ಹಿಟ್ಟುಗಳನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ಹೋಟೆಲು ಮತ್ತೆ ತೆರೆದದ್ದು ಎಂಟೊಂಬತ್ತು ವರ್ಷಗಳ ಮೇಲೆ. ಅಷ್ಟರಲ್ಲಿ ಪೊಟ್ಟಣಗಳು ಊರು ಬಿಟ್ಟು ಹೊರಟಿದ್ದವು. ಅಮೆರಿಕಕ್ಕೆ ಓದಲು ಹೊರಟ ನಮ್ಮ ಮನೆಯ ಹುಡುಗನ ಪೆಟ್ಟಿಗೆಯಲ್ಲಿ, ಉಣ್ಣೆಯ ಅಂಗಿಗಳ ನಡುವೆ, ಅವನ ತಾಯಿ ನಾಲ್ಕು ಪೊಟ್ಟಣ ಸೇರಿಸಿಟ್ಟಳು. ತೂಕ ಹೆಚ್ಚಾಯಿತೆಂದು ಅವನು ಎರಡನ್ನು ತೆಗೆದಿಟ್ಟ. ಅವನ ಕಣ್ಣು ತಪ್ಪಿಸಿ ಅವಳು ಒಂದನ್ನು ಮತ್ತೆ ಒಳಗಿಟ್ಟಳು.