ಕೈಗಾದ ಉರಿದ ಇಂಧನ: ಬೇರ್ಪಡಿಕೆಯ ರಸಾಯನ ಮತ್ತು ಕೋಲಾರದ ಪ್ರಶ್ನೆ

2012ರ ನವೆಂಬರಿನಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದ ಜನ ಬೀದಿಗಿಳಿದರು. ತಮಿಳುನಾಡಿನ ಕೂಡಂಕುಳಂ ಪರಮಾಣು ಸ್ಥಾವರದ ತ್ಯಾಜ್ಯವನ್ನು 2001ರಲ್ಲಿ ಮುಚ್ಚಿದ ತಮ್ಮ ಗಣಿಗಳಲ್ಲಿ ಹೂಳುತ್ತಾರೆಂಬ ಸುದ್ದಿ ಸುಪ್ರೀಂ ಕೋರ್ಟಿನ ವಿಚಾರಣೆಯ ಹೊತ್ತಿಗೆ ಹೊರಬಿದ್ದಿತ್ತು. ಅಂಥ ಯೋಜನೆ ಇಲ್ಲವೆಂದು ಕೇಂದ್ರ ಹೇಳಿತು, ಗದ್ದಲ ಅಡಗಿತು. ಆಗಿನ ಚರ್ಚೆಯೆಲ್ಲ ಎಲ್ಲಿ ಹೂಳುತ್ತಾರೆ ಎಂಬುದರ ಸುತ್ತಲೇ ತಿರುಗಿತು. ಹೂಳುವುದಾದರೂ ಏನನ್ನು ಎಂಬ ಪ್ರಶ್ನೆ ಹಿಂದೆ ಉಳಿಯಿತು. ಅದಕ್ಕೆ ಉತ್ತರ ಸಿಗುವುದು ರಸಾಯನಶಾಸ್ತ್ರದಲ್ಲಿ. ಆ ಉತ್ತರ ಸಿಗದೆ ಜಾಗದ ಪ್ರಶ್ನೆಯನ್ನು ಬಿಡಿಸಲಾಗದು ಎಂಬುದು ಈ ಲೇಖನದ ವಾದ.

ಇಂಥ ಸ್ಥಾವರಕ್ಕೆ ಕರ್ನಾಟಕದಲ್ಲೇ ಇರುವ ಉದಾಹರಣೆ ಕಾರವಾರ ತಾಲೂಕಿನ ಕೈಗಾ. ಕಾಳಿ ನದಿಯ ದಂಡೆಯ ಈ ಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೂ ನಿಂತಿದ್ದರು. ಈಗ ಅಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಮೊದಲನೆಯದು 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆ ಬರೆಯಿತು. ಒಂದೊಂದು ರಿಯಾಕ್ಟರಿನಲ್ಲಿ 306 ಕೊಳವೆಗಳು, ಪ್ರತಿ ಕೊಳವೆಯಲ್ಲಿ 12 ಇಂಧನ ಕಟ್ಟುಗಳು. ಉರಿದು ಹೊರಬಂದ ಕಟ್ಟಿನಲ್ಲೂ ಸುಮಾರು ಶೇ. 99 ಯುರೇನಿಯಮ್ಮೇ ಇರುತ್ತದೆ. ಪ್ಲುಟೋನಿಯಂ ಟನ್ನಿಗೆ ಮೂರೂವರೆ, ನಾಲ್ಕು ಕಿಲೋ. ಸೀಸಿಯಂ, ಸ್ಟ್ರಾನ್ಶಿಯಂ ಮುಂತಾದ ವಿದಳನದ ಉತ್ಪನ್ನಗಳು ಶೇ. 1ಕ್ಕೂ ಕಡಿಮೆ. ಆದರೆ ಮೊದಲ ಕೆಲವು ಶತಮಾನಗಳ ವಿಕಿರಣದಲ್ಲಿ ಬಹುಪಾಲು ಈ ಚಿಟಿಕೆಯಷ್ಟು ಸರಕಿನದೇ.

ಈ ಸರಕನ್ನು ಬೇರ್ಪಡಿಸುವ ತತ್ವ ಬೀದರದ ಬಿದರಿ ಕಲೆಯಿಂದಲೇ ಪರಿಚಿತ. ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಬಿಸಿ ಪಾತ್ರೆಗೆ ಹಚ್ಚಿದರೆ ಸತು-ತಾಮ್ರದ ಮಿಶ್ರಲೋಹ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಲೇಪ ಒಂದೇ ಆದರೂ ಲೋಹಕ್ಕೆ ತಕ್ಕಂತೆ ಫಲ ಬೇರೆ. ಅಮೆರಿಕದಲ್ಲಿ 1950ರ ದಶಕದಲ್ಲಿ ಬಳಕೆಗೆ ಬಂದ ಪ್ಯೂರೆಕ್ಸ್ ವಿಧಾನವೂ ಇಂಥ ಆಯ್ಕೆಯ ಮೇಲೆಯೇ ನಿಂತಿದೆ. ಉರಿದ ಇಂಧನವನ್ನು ಕತ್ತರಿಸಿ ಕುದಿಯುವ ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಜಿರ್ಕೋನಿಯಂ ಮಿಶ್ರಲೋಹದ ಸಿಪ್ಪೆ ಕರಗದೆ ಉಳಿಯುತ್ತದೆ. ದ್ರಾವಣವನ್ನು ಶೇ. 30ರಷ್ಟು ಟ್ರೈಬ್ಯುಟೈಲ್ ಫಾಸ್ಫೇಟ್ ಬೆರೆಸಿದ, ಸೀಮೆಎಣ್ಣೆಯ ಜಾತಿಯ ಡೋಡೆಕೇನ್‌ನೊಂದಿಗೆ ಕಲಕಿದಾಗ ಯುರೇನಿಯಂ, ಪ್ಲುಟೋನಿಯಂ ಎರಡೂ ಎಣ್ಣೆಯ ಪದರಕ್ಕೆ ಏರುತ್ತವೆ. ಸೀಸಿಯಂ, ಸ್ಟ್ರಾನ್ಶಿಯಂ ಆಮ್ಲದಲ್ಲೇ ಇರುತ್ತವೆ. ಬಳಿಕ ಪ್ಲುಟೋನಿಯಂಗೆ ಒಂದು ಎಲೆಕ್ಟ್ರಾನ್ ಕೊಟ್ಟು +4 ಸ್ಥಿತಿಯಿಂದ +3ಕ್ಕೆ ಇಳಿಸಿದರೆ ಅದು ಎಣ್ಣೆಯನ್ನು ಬಿಟ್ಟು ಆಮ್ಲಕ್ಕೆ ಮರಳುತ್ತದೆ. ಇಷ್ಟೂ ಕೆಲಸ ದಪ್ಪ ಕಾಂಕ್ರೀಟ್ ಗೋಡೆಗಳ ಹಿಂದೆ, ಮನುಷ್ಯರ ಕೈ ಸೋಕದಂತೆ ನಡೆಯಬೇಕು.

ಭಾರತದಲ್ಲಿ ಈ ಕೆಲಸ ಹೋಮಿ ಸೇಠ್ನಾ ಅವರ ಮುಂದಾಳತ್ವದಲ್ಲಿ 1964ರಲ್ಲಿ ಟ್ರಾಂಬೆಯಲ್ಲಿ ಶುರುವಾಯಿತು. ನಂತರ ತಾರಾಪುರ, ಕಲ್ಪಾಕ್ಕಂ ಘಟಕಗಳು ಬಂದವು. ಕರ್ನಾಟಕದಲ್ಲಿ ಒಂದೂ ಇಲ್ಲ. ಟ್ರಾಂಬೆಯಲ್ಲಿ ಬೇರ್ಪಡಿಸಿದ ಪ್ಲುಟೋನಿಯಮ್ಮೇ 1974ರ ಪೋಖರಣ್ ಸ್ಫೋಟಕ್ಕೂ ಬಳಕೆಯಾಯಿತು. ಆ ಸ್ಫೋಟ ನಡೆಸಿದ ತಂಡದ ನೇತೃತ್ವ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರದು. ಹಾಗಾಗಿ ಬೇರ್ಪಡಿಕೆಯನ್ನು ಬರೀ ಕಸ ವಿಲೇವಾರಿಯೆಂದು ಬಣ್ಣಿಸುವುದು ಪ್ರಾಮಾಣಿಕವಲ್ಲ.

ನಿಜವಾದ ಸವಾಲು ಆಮ್ಲದಲ್ಲಿ ಉಳಿದದ್ದರದು. ಸೀಸಿಯಂ-137, ಸ್ಟ್ರಾನ್ಶಿಯಂ-90ರ ಅರ್ಧಾಯುಷ್ಯ ಸುಮಾರು 30 ವರ್ಷ. 300 ವರ್ಷಗಳಲ್ಲಿ ಅವು ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತವೆ. ಅಮೆರಿಸಿಯಂ-241ರದು 432 ವರ್ಷ, ನೆಪ್ಚೂನಿಯಂ-237ರದು 20 ಲಕ್ಷಕ್ಕೂ ಹೆಚ್ಚು. ಇವನ್ನೂ ತೆಗೆದುಬಿಡಬಹುದಲ್ಲವೇ ಎಂದರೆ ಅಮೆರಿಸಿಯಂ ತೊಡಕು ತರುತ್ತದೆ. ವಿದಳನದಿಂದ ಹುಟ್ಟಿದ ಲ್ಯಾಂಥನೈಡ್‌ಗಳೂ ಅದರಂತೆ +3 ಸ್ಥಿತಿಯವು, ಅಯಾನುಗಳ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ಬಿಡಿಸುವ ದ್ರಾವಕ ಹುಡುಕಲು ದಶಕಗಳೇ ಹಿಡಿದವು. ತಾರಾಪುರದಲ್ಲಿ 2013ರಲ್ಲಿ ಅಮೆರಿಸಿಯಂ, ನೆಪ್ಚೂನಿಯಂನಂಥ ಆ್ಯಕ್ಟಿನೈಡ್‌ಗಳ ಬೇರ್ಪಡಿಕೆಯ ಪ್ರಾತ್ಯಕ್ಷಿಕೆ ಘಟಕ ಆರಂಭವಾದದ್ದು ಈ ದಾರಿಯ ದೊಡ್ಡ ಹೆಜ್ಜೆ.

ತ್ಯಾಜ್ಯದಿಂದ ಉಪಕಾರವೂ ಆಗಿದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ಸೀಸಿಯಂ ಅನ್ನು ಬೇರ್ಪಡಿಸಿ ಗಾಜಿನ ಕಡ್ಡಿಗಳಾಗಿ ಎರಕ ಹೊಯ್ದಿದೆ. ರೋಗನಿರೋಧಕ ಶಕ್ತಿ ಕುಂದಿದ ರೋಗಿಗಳಿಗೆ ಕೊಡುವ ರಕ್ತಕ್ಕೆ ಅವುಗಳಿಂದ ವಿಕಿರಣ ಹಾಯಿಸುತ್ತಾರೆ. ತ್ಯಾಜ್ಯದ ರುಥೇನಿಯಂ-106 ಕಣ್ಣಿನ ಕ್ಯಾನ್ಸರಿನ ಚಿಕಿತ್ಸೆಗೆ ಒದಗಿದೆ.

ಏನನ್ನೂ ಬೇರ್ಪಡಿಸದೆ ಹೂತರೆ ಉರಿದ ಇಂಧನದ ವಿಷ ಯುರೇನಿಯಂ ಅದಿರಿನ ಮಟ್ಟಕ್ಕಿಳಿಯಲು ಲಕ್ಷಾಂತರ ವರ್ಷ ಬೇಕು. ಆ್ಯಕ್ಟಿನೈಡ್‌ಗಳನ್ನೆಲ್ಲ ತೆಗೆದರೆ ಕೆಲವು ನೂರು ವರ್ಷ ಸಾಕು ಎಂಬುದು ಸಂಶೋಧಕರ ಲೆಕ್ಕ. ಈ ಲೆಕ್ಕವನ್ನು ಎಚ್ಚರದಿಂದ ಓದಬೇಕು. ತೆಗೆದ ಅಮೆರಿಸಿಯಂ ಮಾಯವಾಗುವುದಿಲ್ಲ, ಅದನ್ನು ವೇಗದ ನ್ಯೂಟ್ರಾನ್‌ಗಳ ರಿಯಾಕ್ಟರಿನಲ್ಲಿ ಉರಿಸಬೇಕು. ಸಂಸ್ಕರಣೆಯೇ ಹೊಸ ತ್ಯಾಜ್ಯ ಹುಟ್ಟಿಸುತ್ತದೆ. 2 ಲಕ್ಷ ವರ್ಷದ ಅರ್ಧಾಯುಷ್ಯದ ಟೆಕ್ನೀಶಿಯಂ-99ರಂಥವು ಹೇಗೂ ಉಳಿಯುತ್ತವೆ. ಬೇರ್ಪಡಿಕೆಯಿಂದ ಹೂಳುವ ಸರಕು ಕುಗ್ಗುತ್ತದೆ, ಹೂಳುವ ಅಗತ್ಯ ತಪ್ಪುವುದಿಲ್ಲ.

ಕೋಲಾರದ ಆತಂಕಕ್ಕೆ ಇಲ್ಲಿಯೇ ಆಧಾರವಿದೆ. ಗಣಿ ಮುಚ್ಚುವ ಮುನ್ನವೇ ಅದರ ಕೈಬಿಟ್ಟ ಭಾಗವೊಂದರಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ, ತ್ಯಾಜ್ಯದ ಬದಲು ವಿದ್ಯುತ್ ಹೀಟರುಗಳಿಂದ ಬಂಡೆಯನ್ನು ಕಾಯಿಸಿ ಅದರ ವರ್ತನೆ ಅಳೆದಿದ್ದರು. ಅದು ಪ್ರಯೋಗವಷ್ಟೇ. ದೇಶದಲ್ಲಿ ಇನ್ನೂ ಆಳದ ಶಾಶ್ವತ ಭಂಡಾರವಿಲ್ಲ. ಆಮ್ಲದಲ್ಲಿ ಉಳಿದ ತ್ಯಾಜ್ಯವನ್ನು ಗಾಜಿನಲ್ಲಿ ಸೆರೆಹಿಡಿದು, ಗಾಳಿಯಿಂದ ತಂಪಾಗುವ ಕಟ್ಟಡಗಳಲ್ಲಿ ಕಾಪಾಡಲಾಗುತ್ತಿದೆ. ಯಾವುದೇ ಊರಿನ ಹೆಸರೆತ್ತುವ ಮುನ್ನ, ಆ ಗಾಜಿನಲ್ಲಿ ಯಾವ ಧಾತು ಎಷ್ಟಿದೆ, ಯಾವುದನ್ನು ತೆಗೆಯಲಾಗಿದೆ, ಯಾವುದನ್ನು ಬಿಡಲಾಗಿದೆ ಎಂಬ ಪಟ್ಟಿಯನ್ನು ಪರಮಾಣು ಶಕ್ತಿ ಇಲಾಖೆ ಆ ಊರಿನವರ ಭಾಷೆಯಲ್ಲೇ ಅವರ ಮುಂದಿಡಬೇಕು.