ಉಡುಪಿಯಿಂದ ಉಜಿರೆಯವರೆಗೆ: ಸಣ್ಣ ಉದ್ಯಮಿಯ ಕೈಹಿಡಿದವರ ಇತಿಹಾಸ

ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಬರುವ ಒಂದು ಘಟನೆಯನ್ನು ನಾವೆಲ್ಲ ಜುಮಾ ಪ್ರವಚನಗಳಲ್ಲಿ ಕೇಳಿದ್ದೇವೆ. ಮದೀನಾದ ಅನ್ಸಾರಿಗಳಲ್ಲೊಬ್ಬರು ಪ್ರವಾದಿ ಮುಹಮ್ಮದ್(ಸ)ರ ಬಳಿ ಬಂದು ಸಹಾಯ ಕೇಳಿದರು. ಮನೆಯಲ್ಲಿ ಏನೂ ಇಲ್ಲವೇ ಎಂದು ಪ್ರವಾದಿ(ಸ) ವಿಚಾರಿಸಿದರು. ಹಾಸಲೂ ಹೊದೆಯಲೂ ಇರುವ ಒಂದು ಬಟ್ಟೆ, ನೀರು ಕುಡಿಯುವ ಒಂದು ಬಟ್ಟಲು, ಅಷ್ಟೇ. ಅವೆರಡನ್ನೂ ತರಿಸಿ ಅಲ್ಲೇ ಹರಾಜು ಹಾಕಲಾಯಿತು. 2 ದಿರ್ಹಮ್ ಬಂತು. ಒಂದರಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿ ಕೊಂಡು ತರಲು ಹೇಳಿದರು. ಕೊಡಲಿಗೆ ಪ್ರವಾದಿ(ಸ) ತಮ್ಮ ಕೈಯಿಂದಲೇ ಕಾವು ಹಾಕಿಕೊಟ್ಟು, ಕಟ್ಟಿಗೆ ಕಡಿದು ಮಾರು, 15 ದಿನ ನನ್ನ ಕಣ್ಣಿಗೆ ಬೀಳಬೇಡ ಎಂದು ಕಳುಹಿಸಿದರು. ಆತ ಮರಳಿ ಬಂದಾಗ 10 ದಿರ್ಹಮ್ ಸಂಪಾದಿಸಿದ್ದರು.

ಭಿಕ್ಷೆ ಬೇಡಬಾರದು ಎಂದು ಹೇಳುವಾಗಲಷ್ಟೇ ನಾವು ಈ ಹದೀಸನ್ನು ನೆನೆಯುತ್ತೇವೆ. ಇತಿಹಾಸದ ಕಣ್ಣಿನಿಂದ ನೋಡಿದರೆ ಅದರಲ್ಲಿ ಇನ್ನೂ ಒಂದು ವಿಷಯವಿದೆ. ಬಂಡವಾಳ, ಉಪಕರಣ, ಯಾವ ಕೆಲಸ ಹೇಗೆ ಮಾಡಬೇಕೆಂಬ ಸೂಚನೆ, ಕೊನೆಗೆ ಇಂತಿಷ್ಟು ದಿನಗಳ ಬಳಿಕ ಬಂದು ಲೆಕ್ಕ ಹೇಳುವ ಕರಾರು, ಇಷ್ಟೂ ಒಂದೇ ಕಡೆ ಸಿಕ್ಕಿವೆ. ನಮ್ಮ ದೇಶದಲ್ಲಿ ಸಣ್ಣ ವ್ಯಾಪಾರಿಗೆ, ಕುಶಲಕರ್ಮಿಗೆ ಇವೆಲ್ಲ ಒಂದೇ ಸೂರಿನಡಿ ಸಿಗಲು 20ನೇ ಶತಮಾನದ ಬಹುಭಾಗ ಹಿಡಿಯಿತು. ಆ ಇತಿಹಾಸದ ಮುಖ್ಯ ಪುಟಗಳು ನಮ್ಮ ಕರಾವಳಿಯಲ್ಲೇ ಬರೆಯಲ್ಪಟ್ಟಿವೆ. ಮೊದಲ ಪುಟಗಳಲ್ಲೊಂದನ್ನು ಬರೆದವರು ಒಬ್ಬ ಮುಸ್ಲಿಮ್ ವ್ಯಾಪಾರಿ ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಗೊತ್ತು?

ಅವರು ಉಡುಪಿಯ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರ್. 1906ರ ಮಾರ್ಚ್ 12ರಂದು ಊರಿನ ಇತರ ಗಣ್ಯರನ್ನು ಜೊತೆಗೂಡಿಸಿಕೊಂಡು ಅವರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಎಂಬ ಬ್ಯಾಂಕನ್ನು ಸ್ಥಾಪಿಸಿದರು. ಆಗ ಅವರಿಗೆ ಇನ್ನೂ 25 ತುಂಬಿರಲಿಲ್ಲ. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಬ್ಯಾಂಕಿನ ಲೆಕ್ಕದಲ್ಲಿ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಜಾತಿ ಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯದ ಹಾಗೂ ಪರಸ್ಪರ ಸಹಕಾರದ ಅಭ್ಯಾಸ ಬೆಳೆಸುವುದೇ ಬ್ಯಾಂಕಿನ ಉದ್ದೇಶವೆಂದು ಸ್ಥಾಪಕರು ಸಾರಿದರು. ಇದನ್ನು ಅವರು ಸ್ವದೇಶಿ ಎಂದೇ ಕರೆದರು. ಬಂಗಾಳದ ವಿಭಜನೆಯ ನಂತರ ಸ್ವದೇಶಿ ಚಳವಳಿ ದೇಶವೆಲ್ಲ ಹಬ್ಬುತ್ತಿದ್ದ ಕಾಲವದು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂಬ ಹೆಸರಿನಲ್ಲಿ ದೇಶದಾದ್ಯಂತ ಬೆಳೆದ ಈ ಸಂಸ್ಥೆ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನೊಂದಿಗೆ ವಿಲೀನವಾಯಿತು. ಹಾಜಿ ಅಬ್ದುಲ್ಲಾರ ಹೆಸರು ಈಗ ಉಡುಪಿಯಲ್ಲಿ ಹೆಚ್ಚಾಗಿ ಆಸ್ಪತ್ರೆಯ ಹೆಸರಾಗಿ ಜನರ ಬಾಯಲ್ಲಿದೆ.

ಅದೇ 1906ರ ಜುಲೈಯಲ್ಲಿ ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು. ಅದೇ ಇಂದಿನ ಕೆನರಾ ಬ್ಯಾಂಕ್. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಉಡುಪಿಯಲ್ಲೇ 8,000 ರೂಪಾಯಿ ಬಂಡವಾಳದಿಂದ ಇನ್ನೊಂದು ಸಂಸ್ಥೆ ಕಟ್ಟಿದರು. ಕೈಮಗ್ಗದ ಕಸುಬು ಕುಸಿದು ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗುವುದು ಅದರ ಗುರಿ. ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದು ಹಾಗೆ. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು. ಬ್ಯಾಂಕಿನ ಏಜೆಂಟನೇ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ದಿನಕ್ಕೆ 2 ಆಣೆ ಪಡೆದು ಹೋಗುವ ಪದ್ಧತಿ. ಮೀನು ಮಾರುವವರು, ಹೂ ಕಟ್ಟುವವರು, ಬೀಡಿ ಕಟ್ಟುವವರು ಬ್ಯಾಂಕಿನ ಮೆಟ್ಟಿಲು ಹತ್ತದೆ ಖಾತೆದಾರರಾಗುವ ದಾರಿ ತೆರೆಯಿತು.

ಹೀಗೆ ಹಣದ ಬಾಗಿಲು ತೆರೆಯಿತು. ಆದರೆ ಸಾಲ ತೆಗೆದುಕೊಂಡವನಿಗೆ ವ್ಯವಹಾರ ನಡೆಸಲು ಕಲಿಸುವವರು ಯಾರು? ಬಹುಕಾಲ ಈ ಪ್ರಶ್ನೆಯನ್ನೇ ಯಾರೂ ಕೇಳಲಿಲ್ಲ. ವ್ಯಾಪಾರ ರಕ್ತದಲ್ಲಿ ಬರಬೇಕು ಎಂಬುದು ಎಲ್ಲ ಸಮುದಾಯಗಳಲ್ಲೂ ಇದ್ದ ನಂಬಿಕೆ. ಸ್ವಾತಂತ್ರ್ಯಾನಂತರ ಸರ್ಕಾರ ಸಣ್ಣ ಕೈಗಾರಿಕೆಗೆ ಸಾಲ, ಶೆಡ್ಡು, ಕಚ್ಚಾ ವಸ್ತು ಒದಗಿಸಲು ಮುಂದಾಯಿತು. ನಮ್ಮ ರಾಜ್ಯದ ಹಣಕಾಸು ನಿಗಮ 1959ರಲ್ಲಿ ಸ್ಥಾಪನೆಯಾಯಿತು. ಅಲ್ಲಿಯೂ ಮೊದಲ ಗಮನ ಹಣ ಮತ್ತು ಕಟ್ಟಡದ ಮೇಲೆಯೇ.

ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ್ದು ಆಂಧ್ರದ ಬಂದರು ಪಟ್ಟಣ ಕಾಕಿನಾಡ. ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೇವಿಡ್ ಮೆಕ್ಲೆಲೆಂಡ್ ಅವರು, ಏನನ್ನಾದರೂ ಸಾಧಿಸಬೇಕೆಂಬ ಹಂಬಲ ಹುಟ್ಟಿನಿಂದಷ್ಟೇ ಬರುವುದಿಲ್ಲ, ದೊಡ್ಡವರಾದ ಮೇಲೂ ಅದನ್ನು ಕಲಿಸಬಹುದು ಎಂದು ವಾದಿಸುತ್ತಿದ್ದರು. 1964ರಲ್ಲಿ ಕಾಕಿನಾಡದ 52 ವ್ಯಾಪಾರಿಗಳು ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಗೆ ತಂಡ ತಂಡವಾಗಿ ಹೋಗಿ ಸುಮಾರು 10 ದಿನಗಳ ಶಿಬಿರದಲ್ಲಿ ಕುಳಿತರು. ಅವರಿಗೆ ಸಾಲ ಕೊಡಲಿಲ್ಲ, ಯಂತ್ರ ಕೊಡಲಿಲ್ಲ. ಕಥೆ ಬರೆಸಿದರು, ತಮ್ಮ ಊರು ಮತ್ತು ವ್ಯಾಪಾರದ ಮುಂದಿನ ಗುರಿಗಳ ಬಗ್ಗೆ ಚರ್ಚೆ ಮಾಡಿಸಿದರು, ಆಟ ಆಡಿಸಿದರು.

ಆಟವೆಂದರೆ ನಗಬೇಡಿ. ರಿಂಗ್ ಎಸೆಯುವ ಆಟದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ನೆಲದ ಮೇಲೆ ಒಂದು ಗೂಟ. ಕೈಯಲ್ಲಿ ಕೆಲವು ರಿಂಗುಗಳು. ಎಷ್ಟು ದೂರ ನಿಂತು ಎಸೆಯಬೇಕೆಂಬುದು ಆಡುವವನ ಇಷ್ಟ. ಒಬ್ಬ ಗೂಟದ ಪಕ್ಕದಲ್ಲೇ ನಿಂತು ಎಲ್ಲವನ್ನೂ ಹಾಕುತ್ತಾನೆ, ಅವನಿಗೆ ಸೋಲಿನ ಭಯ. ಇನ್ನೊಬ್ಬ ಬಹುದೂರ ನಿಂತು ಎಸೆದು, ಬಿದ್ದರೆ ಅದೃಷ್ಟ ಎನ್ನುತ್ತಾನೆ, ಅವನದು ಜೂಜು. ಮೂರನೆಯವನು ಮೊದಲು ಹತ್ತಿರದಿಂದ ಎಸೆದು ತನ್ನ ಕೈಯ ಅಳತೆ ನೋಡಿಕೊಂಡು, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾನೆ. ಉದ್ಯಮಿಗೆ ಬೇಕಾದದ್ದು ಈ ಮೂರನೆಯ ಬುದ್ಧಿ. ಆಟ ಮುಗಿದ ಮೇಲೆ, ನೀನೇಕೆ ಅಲ್ಲಿ ನಿಂತೆ ಎಂದು ಕೇಳುತ್ತಾರೆ. ಉತ್ತರ ಹೇಳುವಾಗ ಮನುಷ್ಯನಿಗೆ ತನ್ನ ಅಂಗಡಿ ನೆನಪಾಗುತ್ತದೆ. ಉದ್ಯಮಶೀಲತಾ ತರಬೇತಿಗಳಲ್ಲಿ ಇಂದಿಗೂ ಈ ಆಟ ನಡೆಯುತ್ತದೆ. ಗೋಲಿ ಆಡಿ ಬೆಳೆದ ನಮ್ಮ ಹುಡುಗರಿಗೆ ಇದನ್ನು ವಿವರಿಸುವುದೇನೂ ಕಷ್ಟವಲ್ಲ.

1969ರಲ್ಲಿ ಮೆಕ್ಲೆಲೆಂಡ್ ಮತ್ತು ಡೇವಿಡ್ ವಿಂಟರ್ ಈ ಪ್ರಯೋಗದ ಫಲಿತಾಂಶವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ತರಬೇತಿಯ ನಂತರದ ಸುಮಾರು 2 ವರ್ಷಗಳಲ್ಲಿ ಕಲಿತವರ ಪೈಕಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ವ್ಯಾಪಾರವನ್ನು ಗಮನಾರ್ಹವಾಗಿ ವಿಸ್ತರಿಸಲು ತೊಡಗಿದ್ದರು. ಕಲಿಯದವರಲ್ಲಿ ಈ ಪ್ರಮಾಣ ಸುಮಾರು ಕಾಲುಭಾಗ. ಇನ್ನೊಂದು ಸಂಗತಿಯೂ ತಿಳಿದುಬಂತು. ಅಂಗಡಿಯ ತೀರ್ಮಾನ ತನ್ನ ಕೈಯಲ್ಲೇ ಇದ್ದವನಿಗೆ ತರಬೇತಿ ಹೆಚ್ಚು ಫಲ ಕೊಟ್ಟಿತ್ತು. ಮಗ ತರಬೇತಿ ಪಡೆದು ಬಂದು, ತಂದೆ ಗಲ್ಲಾಪೆಟ್ಟಿಗೆಯ ಕೀಲಿ ಬಿಡದಿದ್ದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಮೆಕ್ಲೆಲೆಂಡರ ವಾದವನ್ನು ಪೂರ್ತಿ ಒಪ್ಪಲು ನನಗೆ ಮನಸ್ಸಿಲ್ಲ. ಬಡವನ ಬಡತನಕ್ಕೆ ಅವನ ಮನಸ್ಸೇ ಕಾರಣ ಎಂಬ ಕಡೆಗೆ ಅದು ಸುಲಭವಾಗಿ ಜಾರುತ್ತದೆ. ಹಂಬಲವಿದ್ದೂ ಬ್ಯಾಂಕಿನ ಬಾಗಿಲಿನಲ್ಲೇ ನಿಂತವರ ಕಥೆ ಬೇರೆ. ಆದರೂ ವ್ಯಾಪಾರದ ಬುದ್ಧಿ ಕಲಿತು ಬರುವಂಥದ್ದು ಎಂಬುದಕ್ಕೆ ಕಾಕಿನಾಡ ಸಾಕ್ಷಿ ಕೊಟ್ಟಿತು. ಗುಜರಾತ್ ಅದನ್ನು ಬೇಗ ಹಿಡಿದುಕೊಂಡಿತು. ಅಲ್ಲಿನ ಸರ್ಕಾರಿ ನಿಗಮಗಳು 1970ರ ಹೊತ್ತಿಗೆ ಹೊಸ ಉದ್ಯಮಿಗಳಿಗೆ ತರಬೇತಿ ಆರಂಭಿಸಿದವು. 1983ರಲ್ಲಿ ಅಹಮದಾಬಾದಿನಲ್ಲಿ ಇದಕ್ಕೆಂದೇ ರಾಷ್ಟ್ರಮಟ್ಟದ ಸಂಸ್ಥೆಯೊಂದು ತಲೆಯೆತ್ತಿತು.

ಅದಕ್ಕೂ ಒಂದು ವರ್ಷ ಮೊದಲೇ, 1982ರಲ್ಲಿ, ದಕ್ಷಿಣ ಕನ್ನಡದ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಗಿತ್ತು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಅಲ್ಲಿನ ಶಿಕ್ಷಣ ಟ್ರಸ್ಟ್, ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಸೇರಿ ಇದನ್ನು ಕಟ್ಟಿದವು. ಗಮನಿಸಿ, ಕರಾವಳಿಯ ಎರಡು ಹಳೆಯ ಬ್ಯಾಂಕುಗಳೇ ಇಲ್ಲಿ ಶಾಲೆಯ ಪಾಲುದಾರರಾದವು. ಗುಜರಾತಿನ ತರಬೇತಿ ಕೈಗಾರಿಕೆ ಹೂಡುವವರಿಗಾದರೆ, ಉಜಿರೆಯದು ಹಳ್ಳಿಯ ನಿರುದ್ಯೋಗಿ ಯುವಕ ಯುವತಿಯರಿಗೆ. ಊಟ, ವಸತಿ, ಕಲಿಕೆ ಎಲ್ಲವೂ ಉಚಿತ. ಒಂದು ವಾರದಿಂದ ಆರು ವಾರದ ಅವಧಿ. ಹೊಲಿಗೆ, ಹೈನುಗಾರಿಕೆ, ಮೋಟಾರ್ ರಿವೈಂಡಿಂಗ್, ಫೋಟೋಗ್ರಫಿ, ಮುಂದೆ ಮೊಬೈಲ್ ದುರಸ್ತಿ ಹೀಗೆ ಹತ್ತಾರು ಕಸುಬುಗಳು.

ಕಸುಬು ಕಲಿಸುವ ಸಂಸ್ಥೆಗಳು ಆಗಲೂ ಬೇಕಾದಷ್ಟು ಇದ್ದವು. ಉಜಿರೆಯ ವಿಶೇಷ ಬೇರೆಡೆ ಇದೆ. ಕಸುಬಿನ ಜೊತೆಗೇ ಪೇಟೆಗೆ ಕಳುಹಿಸಿ, ಈ ಸಾಮಾನು ಯಾರಿಗೆ ಬೇಕು, ಈಗ ಎಲ್ಲಿಂದ ಕೊಳ್ಳುತ್ತಾರೆ, ಏನು ಬೆಲೆ ಕೊಡುತ್ತಾರೆ ಎಂದು ಕೇಳಿಕೊಂಡು ಬರಲು ಹೇಳುತ್ತಾರೆ. ಲೆಕ್ಕ ಬರೆಯಲು, ಯೋಜನಾ ವರದಿ ತಯಾರಿಸಲು, ಬ್ಯಾಂಕ್ ಮ್ಯಾನೇಜರರ ಮುಂದೆ ಕುಳಿತು ಮಾತಾಡಲು ಕಲಿಸುತ್ತಾರೆ. ಶಿಬಿರ ಮುಗಿದ ಮೇಲೆ ಸುಮಾರು 2 ವರ್ಷ ಪತ್ರ, ಫೋನು, ಭೇಟಿಗಳ ಮೂಲಕ ಹಿಂದೆ ಬೀಳುತ್ತಾರೆ. ಅಂಗಡಿ ತೆರೆದೆಯಾ, ಸಾಲ ಸಿಕ್ಕಿತಾ, ಎಲ್ಲಿ ನಿಂತಿತು? ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯ ಜೀವ ಇರುವುದು ಈ ಕೊನೆಯ ಕೆಲಸದಲ್ಲಿ.

ಈ ಮಾದರಿಯನ್ನು ನೋಡಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ಜಿಲ್ಲೆಗೊಂದು ಇಂಥ ಸಂಸ್ಥೆ ಇರಬೇಕೆಂದು ಮಾರ್ಗಸೂಚಿ ಹೊರಡಿಸಿತು. ಬ್ಯಾಂಕುಗಳು ನಡೆಸುವ ಈ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು, ಅಂದರೆ ಆರ್‌ಸೆಟಿಗಳು, ಈಗ ದೇಶದಲ್ಲಿ 500ಕ್ಕೂ ಹೆಚ್ಚು ಇವೆ.

ಇದು ನಮ್ಮ ಸಮುದಾಯಕ್ಕೆ ಎಷ್ಟು ಹತ್ತಿರದ ವಿಷಯವೆಂದು ತಿಳಿಯಲು 2006ರ ಸಾಚಾರ್ ವರದಿಯನ್ನು ತೆರೆಯಬೇಕು. ನಾವು ಆ ವರದಿಯಿಂದ ಸರ್ಕಾರಿ ನೌಕರಿಯ ಅಂಕಿಗಳನ್ನಷ್ಟೇ ಎತ್ತಿ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಲೆಕ್ಕವಿದೆ. ನಗರಗಳ ಮುಸ್ಲಿಮ್ ದುಡಿಮೆಗಾರರಲ್ಲಿ ಶೇ. 57ರಷ್ಟು ಮಂದಿ ಸ್ವಂತ ಉದ್ಯೋಗದವರು, ಹಿಂದೂಗಳಲ್ಲಿ ಇದು ಶೇ. 43. ಅಂದರೆ ಗ್ಯಾರೇಜು, ಹೊಲಿಗೆ, ವೆಲ್ಡಿಂಗ್, ತಳ್ಳುಗಾಡಿ, ಹಣ್ಣಿನ ಅಂಗಡಿಗಳೇ ನಮ್ಮ ಮನೆಗಳ ಒಲೆ ಉರಿಸುತ್ತಿವೆ. ಬ್ಯಾಂಕ್ ಸಾಲದಲ್ಲಿ ಮಾತ್ರ ಪಾಲು ಕಡಿಮೆ. ಕೆಲವು ಬ್ಯಾಂಕುಗಳು ಸಾಲ ಕೊಡಲು ತಕ್ಕದ್ದಲ್ಲವೆಂದು ಕೆಲವು ಪ್ರದೇಶಗಳನ್ನು ಗುರುತಿಸಿಟ್ಟುಕೊಳ್ಳುವುದನ್ನೂ ವರದಿ ದಾಖಲಿಸಿದೆ.

ನಮ್ಮಲ್ಲಿ ತರಬೇತಿಯೇ ಇಲ್ಲವೆಂದಲ್ಲ. ಉರ್ದುವಿನಲ್ಲಿ ಶಾಲೆಯ ಮೇಷ್ಟ್ರೂ ಉಸ್ತಾದ್, ಗ್ಯಾರೇಜಿನ ಮೇಸ್ತ್ರಿಯೂ ಉಸ್ತಾದ್. ಆ ಎರಡನೆಯ ಉಸ್ತಾದರ ಕೈಕೆಳಗೆ ಕಲಿತ ಹುಡುಗ ಇಂಜಿನ್ ಸದ್ದು ಕೇಳಿಯೇ ರೋಗ ಹೇಳಬಲ್ಲ. ಆದರೆ ಬಿಲ್ಲು ಬರೆಯುವುದು, ಬಿಡಿಭಾಗದ ಖರ್ಚು ಮತ್ತು ತನ್ನ ಕೂಲಿಯನ್ನು ಬೇರೆ ಬೇರೆ ಇಡುವುದು, ಉದ್ರಿ ವಸೂಲಿ, ಜಿಎಸ್‌ಟಿ, ಇವನ್ನು ಆ ಉಸ್ತಾದರಿಗೂ ಯಾರೂ ಕಲಿಸಿಲ್ಲ. ಮನೆಯಲ್ಲಿ ರವಿಕೆ ಹೊಲಿಯುವ ನಮ್ಮ ಹೆಣ್ಣುಮಕ್ಕಳೂ ಹಾಗೆಯೇ. ದಾರ, ಲೈನಿಂಗ್ ಬಟ್ಟೆಯ ಬೆಲೆ ಹಿಡಿಯುತ್ತಾರೆ. ಕರೆಂಟಿನ ಬಿಲ್ಲು, ರಾತ್ರಿ ಕುಳಿತ ನಾಲ್ಕು ಗಂಟೆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಕೆಲಸ ಎಷ್ಟು ಹೆಚ್ಚಿದರೂ ಕೈಯಲ್ಲಿ ಹಣ ನಿಲ್ಲುವುದಿಲ್ಲ. ನಮ್ಮ ಹುಡುಗರಲ್ಲಿ ಅನೇಕರು ತಂದೆಯ ಅಂಗಡಿಯಲ್ಲಿ ಕೂರುವುದನ್ನು ಪರೀಕ್ಷೆಯಲ್ಲಿ ಫೇಲಾದವರ ಪಾಲೆಂದು ತಿಳಿದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇಂದು ಇರುವ ದಾರಿಗಳನ್ನು ಹೇಳಿ ಮುಗಿಸುತ್ತೇನೆ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ 1986ರಲ್ಲಿ ಸ್ಥಾಪನೆಯಾಯಿತು. ಕುಶಲಕರ್ಮಿಗಳ ಕೌಶಲ ಹೆಚ್ಚಿಸಿ, ಸಬ್ಸಿಡಿಯೊಂದಿಗೆ ಸಾಲ ಕೊಡುವ ಅದರ ಶ್ರಮಶಕ್ತಿ ಯೋಜನೆ ನಮ್ಮವರಿಗೆ ತಕ್ಕಮಟ್ಟಿಗೆ ಪರಿಚಿತ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿ, ಕಮ್ಮಾರ, ಗಾರೆ ಕೆಲಸ, ಕ್ಷೌರಿಕ ಮೊದಲಾದ 18 ಕಸುಬುಗಳಿವೆ. 5ರಿಂದ 7 ದಿನಗಳ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವು ಅದರಲ್ಲಿ ಸೇರಿದೆ. ಸಾಲ ಪಡೆಯುವುದು ಬಿಡುವುದು ಅವರವರ ಇಷ್ಟ.

ಆರ್‌ಸೆಟಿಗಳ ವಿಷಯದಲ್ಲೂ ಅಷ್ಟೇ. ಬ್ಯಾಂಕು ನಡೆಸುವ ಸಂಸ್ಥೆಯೆಂದ ಮಾತ್ರಕ್ಕೆ ಬಡ್ಡಿಗೆ ಅಂಜಿ ದೂರ ನಿಲ್ಲುವವರು ನಮ್ಮಲ್ಲಿದ್ದಾರೆ. ಬಡ್ಡಿಯ ಕುರಿತ ತೀರ್ಪು ಉಲಮಾಗಳಿಗೆ ಸೇರಿದ್ದು, ಅದಕ್ಕೆ ನಾನು ಕೈಹಾಕುವುದಿಲ್ಲ. ಆದರೆ ತರಬೇತಿಗೆ ಸೇರುವವರು ಸಾಲ ತೆಗೆದುಕೊಳ್ಳಲೇಬೇಕೆಂಬ ಷರತ್ತು ಅಲ್ಲಿಲ್ಲ. ಸ್ವಂತ ಉಳಿತಾಯದಿಂದ, ಮನೆಯವರು ಕೊಟ್ಟ ಹಣದಿಂದ ಅಂಗಡಿ ಹಾಕಿದವರೂ ಅಲ್ಲಿ ಕಲಿತವರ ನಡುವೆ ಇದ್ದಾರೆ. ಜಮಾಅತಿನವರು ಬಡ್ಡಿರಹಿತ ಕರ್ಝೆ ಹಸನ್ ಕೊಡುವಾಗಲೂ, ಪಡೆಯುವವರನ್ನು ಮೊದಲು ಜಿಲ್ಲೆಯ ಈ ಸಂಸ್ಥೆಗೆ ಕಳುಹಿಸಲು ಯಾವ ಅಡ್ಡಿಯೂ ಇಲ್ಲ. ಅರ್ಜಿಗೆ ಶುಲ್ಕವಿಲ್ಲ, 18 ವರ್ಷ ತುಂಬಿರಬೇಕು.