ಗರಸು ರಸ್ತೆಯೂ ಗಾಳಿವೇಗದ ಕಾರೂ

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮವರಿಗೆ ‘ಮುರೂಮ’ ಎಂಬ ಮರಾಠಿ ಮಾತು ಹೊಸತಲ್ಲ. ಕಟ್ಟಡ ಏಳುವ ಕಡೆ, ರಸ್ತೆ ಹಾಕುವ ಕಡೆ ಲಾರಿಗಟ್ಟಲೆ ತಂದು ಸುರಿಯುವ ಕೆಂಪು ಕಲ್ಲುಮಣ್ಣು ಅದು. ನಾವು ಊರ ಕಡೆ ಗರಸು ಎನ್ನುತ್ತೇವೆ. ಅರಬ್ಬೀ ಸಮುದ್ರದಾಚೆ, ಪೂರ್ವ ಆಫ್ರಿಕದಲ್ಲಿಯೂ ಈ ಮಣ್ಣಿಗೆ ‘ಮುರ್ರಮ್’ ಎಂದೇ ಹೆಸರು. ಅಲ್ಲಿ ಕಪ್ಪು ಮಣ್ಣಿನ ಬಯಲುಗಳೂ ಇವೆ. ಮಳೆ ಬಿದ್ದೊಡನೆ ಗಾಲಿಗೆ ಮೆತ್ತಿ ಬಂಡಿಯನ್ನು ನಿಂತಲ್ಲೇ ನಿಲ್ಲಿಸುವ ಆ ನೆಲ ನಮ್ಮ ಧಾರವಾಡ, ವಿಜಾಪುರಗಳ ಎರೆಭೂಮಿಯ ಜಾತಿಯದೇ. ಡಾಂಬರು ರಸ್ತೆಗೆಂದು ಹುಟ್ಟಿದ ವೇಗದ ಕಾರುಗಳನ್ನು ಈ ಎರಡು ಬಗೆಯ ಮಣ್ಣಿಗೆ ಇಳಿಸಿದಾಗ ಏನಾಯಿತು, ಅಲ್ಲಿ ಗೆದ್ದವರು ಯಾರು ಎಂಬುದನ್ನು ನಮ್ಮ ಓದುಗರ ಮುಂದೆ ಇಡಬೇಕೆಂದಿದ್ದೇವೆ.

1953ರಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕವಾಯಿತು. ಆಗ ಬ್ರಿಟಿಷರ ಆಡಳಿತದಲ್ಲಿದ್ದ ಕೀನ್ಯಾ, ಉಗಾಂಡಾ, ಟಾಂಗಾನ್ಯಿಕಾಗಳ ಮೋಟಾರು ಪ್ರಿಯರು ಆ ಸಂದರ್ಭಕ್ಕೆಂದು ಒಂದು ದೀರ್ಘ ಓಟವನ್ನು ಏರ್ಪಡಿಸಿದರು. ‘ಕಾರೊನೇಷನ್ ಸಫಾರಿ’ ಎಂದು ಆರಂಭವಾದ ಈ ಸ್ಪರ್ಧೆ 1960ರಲ್ಲಿ ‘ಈಸ್ಟ್ ಆಫ್ರಿಕನ್ ಸಫಾರಿ’ ಎಂಬ ಹೆಸರು ಪಡೆಯಿತು. ಗೋಡೆ ಕಟ್ಟಿದ ಪಥದಲ್ಲಿ ಸುತ್ತುಹೊಡೆಯುವ ಪಂದ್ಯ ಇದಲ್ಲ. ಸಾವಿರಾರು ಕಿಲೋಮೀಟರುಗಳ ಹಾದಿ; ಅದೂ ಜನಸಾಮಾನ್ಯರು ಓಡಾಡುವ ಹಾದಿ. ಸ್ಪರ್ಧೆ ನಡೆದಿದೆಯೆಂದು ರಸ್ತೆಯನ್ನು ಮುಚ್ಚುತ್ತಿರಲಿಲ್ಲ. ಎದುರಿಗೆ ಬಸ್ಸು ಬರಬಹುದು, ದನದ ಹಿಂಡು ಬರಬಹುದು, ಜಿರಾಫೆಯೂ ಬರಬಹುದು. ಆದ್ದರಿಂದ ಪೈಪೋಟಿಗಿಳಿದ ಕಾರು ಎಷ್ಟೇ ವೇಗದ್ದಾಗಿರಲಿ, ನಂಬರು ಹಲಗೆ ಹೊತ್ತು ಊರಿನ ಬೀದಿಯಲ್ಲಿ ಓಡಲು ಅರ್ಹವಾದ ಕಾರೇ ಆಗಿರಬೇಕಿತ್ತು.

ಸ್ಪರ್ಧೆಗೆ ಆರಿಸಿಕೊಂಡ ಕಾಲವೂ ಸಾಮಾನ್ಯವಾಗಿ ಈಸ್ಟರ್ ಹಬ್ಬದ್ದು. ಅಲ್ಲಿ ದೊಡ್ಡ ಮಳೆ ಹಿಡಿಯುವ ಹೊತ್ತು. ಬೆಳಿಗ್ಗೆ ಕಣ್ಣು ಕಾಣದಷ್ಟು ಕೆಂಧೂಳು, ಸಂಜೆ ಮೊಣಕಾಲುದ್ದ ಕೆಸರು. 1963ರಲ್ಲಿ ಹೊರಟ 84 ಕಾರುಗಳಲ್ಲಿ ಗುರಿ ಮುಟ್ಟಿದವು ಬರೀ 7. 1968ರಲ್ಲಿ 93 ಹೊರಟವು. ಆ ಸಲವೂ ಮುಟ್ಟಿದವು 7. ಈ ಎರಡು ವರ್ಷವೂ ಗೆದ್ದ ಜೋಡಿ ನಿಕ್ ನೋವಿಕಿ ಮತ್ತು ಪ್ಯಾಡಿ ಕ್ಲಿಫ್. ಎರಡು ಸಲವೂ ಅವರು ಓಡಿಸಿದ್ದು ಪೂಜೋ 404, ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಪೇಟೆಗೆ ಹೋಗುವಂಥ ಸಂಸಾರಸ್ಥರ ಕಾರು!

ವೇಗದ ಕಾರು ಅಲ್ಲಿ ಸೋಲುತ್ತಿದ್ದುದೇಕೆ? ಅದರ ಗುಣವೇ ಗರಸಿನಲ್ಲಿ ದೋಷವಾಗುತ್ತದೆ. ತಿರುವಿನಲ್ಲಿ ಮಗುಚದಿರಲೆಂದು ಅದರ ಒಡಲನ್ನು ನೆಲಕ್ಕೆ ತಗ್ಗಿಸಿರುತ್ತಾರೆ. ಗರಸಿನ ದಾರಿಯಲ್ಲಿ ಕಲ್ಲು ಬಡಿದು ಎಂಜಿನ್ನಿನ ಅಡಿಯ ಎಣ್ಣೆತೊಟ್ಟಿಯೇ ಒಡೆಯುತ್ತದೆ. ಹೊಯ್ದಾಡದಿರಲೆಂದು ಸ್ಪ್ರಿಂಗುಗಳನ್ನು ಬಿಗಿ ಮಾಡಿರುತ್ತಾರೆ. ಬಿಗಿ ಸ್ಪ್ರಿಂಗಿನ ಗಾಲಿ ಉಬ್ಬುತಗ್ಗಿನಲ್ಲಿ ನೆಲ ಬಿಟ್ಟು ಎಗರುತ್ತದೆ, ಎಗರಿದ ಗಾಲಿಗೆ ಹಿಡಿತವಿಲ್ಲ. ವಾಹನಗಳು ಓಡಿ ಓಡಿ ಗರಸು ರಸ್ತೆಯ ಮೈ ಸುಕ್ಕುತಗಡಿನಂತೆ ಸಾಲುಸಾಲಾಗಿ ಏಳುವುದನ್ನು ನಾವೆಲ್ಲ ಕಂಡಿದ್ದೇವೆ. ಅದರ ಮೇಲೆ ಮೆಲ್ಲಗೆ ಹೋದರೆ ಹಲ್ಲು ಕಟಕಟಿಸುತ್ತದೆ. ತಕ್ಕಷ್ಟು ವೇಗದಲ್ಲಿ ಹೋದರೆ ಗಾಲಿ ಉಬ್ಬಿನಿಂದ ಉಬ್ಬಿಗೆ ತೇಲಿದಂತೆ ಸಾಗುತ್ತದೆ. ಆದರೆ ತೇಲುವ ಕಾರು ತಿರುವಿನಲ್ಲಿ ಮಾತು ಕೇಳುವುದಿಲ್ಲ. ಎಲ್ಲಿ ತೇಲಬೇಕು, ಎಲ್ಲಿ ತಡೆಯಬೇಕು ಎಂಬ ಲೆಕ್ಕ ಆ ರಸ್ತೆಯಲ್ಲಿ ಬೆಳೆದವರಿಗೆ ಮಾತ್ರ ಒಗ್ಗಿತ್ತು. ಹೊರನಾಡಿನ ಚಾಲಕರೊಬ್ಬರು ಮೊದಲ ಬಾರಿಗೆ ಸಫಾರಿಯನ್ನು ಗೆದ್ದದ್ದು 1972ರಲ್ಲಿ. ಫಿನ್ಲೆಂಡಿನ ಹನ್ನು ಮಿಕೋಲಾ ಫೋರ್ಡ್ ಎಸ್ಕಾರ್ಟಿನಲ್ಲಿ ಗೆಲ್ಲುವ ಹೊತ್ತಿಗೆ ಸ್ಪರ್ಧೆ ಆರಂಭವಾಗಿ 19 ವರ್ಷಗಳು ಕಳೆದಿದ್ದವು.

ಆ ರಸ್ತೆಯಲ್ಲಿ ಬೆಳೆದವರ ಪೈಕಿ ನಮ್ಮ ದೇಶದ ಮೂಲದವರೂ ಇದ್ದರು. 1896ರಿಂದ ಬ್ರಿಟಿಷರು ಮೊಂಬಾಸಾದಿಂದ ಒಳನಾಡಿಗೆ ರೈಲುಹಾದಿ ಹಾಕಿಸಿದಾಗ ಭಾರತದಿಂದ ಸುಮಾರು 32,000 ಕೂಲಿಗಳನ್ನು ಹಡಗು ಹತ್ತಿಸಿದರು. ಕೆಲವರು ಅಲ್ಲಿಯೇ ಉಳಿದರು. ಅವರ ಹಿಂದೆ ವ್ಯಾಪಾರಿಗಳೂ ಬಡಗಿ, ಕಮ್ಮಾರ, ಮೆಕ್ಯಾನಿಕ್‌ಗಳೂ ಹೋದರು. ಅಂಥ ಒಂದು ಪಂಜಾಬಿ ಕುಟುಂಬದಲ್ಲಿ, ಕೀನ್ಯಾದ ಕೆರಿಚೋ ಊರಿನಲ್ಲಿ 1932ರಲ್ಲಿ ಹುಟ್ಟಿದವರು ಜೋಗಿಂದರ್ ಸಿಂಗ್. ತಂದೆಯ ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡೇ ಕಾರಿನ ವಿದ್ಯೆ ಕಲಿತರು. 1965ರಲ್ಲಿ ತಮ್ಮ ಸೋದರ ಜಸ್ವಂತ್ ಸಿಂಗರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿಂದೊಮ್ಮೆ ಬೇರೆಯವರು ಓಡಿಸಿ ಬಿಟ್ಟಿದ್ದ ವೋಲ್ವೊ ಕಾರೊಂದರಲ್ಲಿ ಸಫಾರಿಯನ್ನು ಗೆದ್ದರು.

ಇನ್ನೊಬ್ಬರು ಶೇಖರ್ ಮೆಹ್ತಾ. 1945ರಲ್ಲಿ ಉಗಾಂಡಾದಲ್ಲಿ ಹುಟ್ಟಿದವರು. 1971ರ ಸಫಾರಿಯಲ್ಲಿ ಎಡ್ಗರ್ ಹರ್ಮನ್ ಅವರು ಡಾಟ್ಸನ್ 240 ಜೆಡ್ ಎಂಬ ಆರು ಸಿಲಿಂಡರಿನ ಕ್ರೀಡಾ ಕಾರಿನಲ್ಲಿ ಗೆದ್ದಾಗ, ಅದೇ ಮಾದರಿಯ ಕಾರಿನಲ್ಲಿ ಎರಡನೆಯವರಾಗಿ ಬಂದದ್ದು ಇದೇ ಮೆಹ್ತಾ. ಗರಸಿಗೆ ತಕ್ಕಂತೆ ಮೈ ಎತ್ತರಿಸಿ, ತಳಕ್ಕೆ ದಪ್ಪ ಲೋಹದ ಹಲಗೆ ಕಟ್ಟಿದರೆ ಕ್ರೀಡಾ ಕಾರೂ ಆ ಹಾದಿಯಲ್ಲಿ ಬಾಳೀತು ಎಂಬುದು ಅಲ್ಲಿಗೆ ಸಿದ್ಧವಾಯಿತು. ಮರುವರ್ಷ, 1972ರ ಆಗಸ್ಟಿನಲ್ಲಿ, ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾ ಮೂಲದವರೆಲ್ಲ 90 ದಿನಗಳಲ್ಲಿ ದೇಶ ಬಿಡಬೇಕೆಂದು ಅಪ್ಪಣೆ ಹೊರಡಿಸಿದ. ಕಟ್ಟಿದ ಮನೆ, ನಡೆಸಿದ ಅಂಗಡಿ ಎಲ್ಲವನ್ನೂ ಬಿಟ್ಟು ಸಾವಿರಾರು ಸಂಸಾರಗಳು ಕೈಚೀಲ ಹಿಡಿದು ಹೊರಟವು. ಮೆಹ್ತಾ ಕೀನ್ಯಾಕ್ಕೆ ಬಂದರು. 1973ರಲ್ಲಿ ಮತ್ತೆ 240 ಜೆಡ್ ಹತ್ತಿದರು. ಓಟ ಮುಗಿದಾಗ ಅವರ ದಂಡಾಂಕಗಳೂ ಸ್ವೀಡನ್ನಿನ ಹ್ಯಾರಿ ಶೆಲ್‌ಸ್ಟ್ರೋಮ್ ಅವರವೂ ಸಮಸಮ! ದಂಡ ಬೀಳದಂತೆ ಹೆಚ್ಚು ದೂರ ಸಾಗಿದವರು ಯಾರೆಂದು ನೋಡಿ ಗೆಲುವನ್ನು ಮೆಹ್ತಾರಿಗೆ ಕೊಟ್ಟರು. ಹುಟ್ಟಿದ ನೆಲ ‘ನೀನು ನನ್ನವನಲ್ಲ’ ಎಂದು ವರುಷ ತುಂಬುವ ಮೊದಲೇ ಪಕ್ಕದ ನೆಲದ ಗರಸು ಅವರನ್ನು ತನ್ನವನೆಂದಿತು. ಮುಂದೆ 1979ರಿಂದ 1982ರವರೆಗೆ ಸತತ ನಾಲ್ಕು ಬಾರಿ ಗೆದ್ದು, ಒಟ್ಟು ಐದು ಗೆಲುವುಗಳನ್ನು ತಮ್ಮದಾಗಿಸಿಕೊಂಡರು.

ಇತ್ತ ಜರ್ಮನಿಯ ಪೋರ್ಷೆ 911ರ ಕಥೆ ಬೇರೆ. ಎಂಜಿನ್ ಹಿಂದಿರುವ ಕಾರು ಅದು. ಭಾರದ ಹೆಚ್ಚಿನ ಪಾಲು ಓಡಿಸುವ ಗಾಲಿಗಳ ಮೇಲೆ ಬೀಳುವುದರಿಂದ ಸಡಿಲ ಮಣ್ಣಿನಲ್ಲಿಯೂ ಹಿಡಿತ ತಪ್ಪುವುದು ಕಡಿಮೆ. 1968ರ ಲಂಡನ್–ಸಿಡ್ನಿ ಮಹಾಓಟದ ಕಾರುಗಳು ನಮ್ಮ ಮುಂಬಯಿಗೆ ಬಂದು, ಇಲ್ಲಿಂದ ‘ಚೂಸಾನ್’ ಹಡಗೇರಿ ಆಸ್ಟ್ರೇಲಿಯಾಕ್ಕೆ ಹೋದದ್ದು ಹಿರಿಯ ಓದುಗರ ನೆನಪಿನಲ್ಲಿದ್ದೀತು. ಆ ಓಟದಲ್ಲಿ ಪೋಲೆಂಡಿನ ಸೋಬಿಯೆಸ್ಲಾವ್ ಜಸಾಡಾ 911ರಲ್ಲಿ ನಾಲ್ಕನೆಯವರಾದರು. 1972ರ ಸಫಾರಿಯಲ್ಲಿ ಎರಡನೆಯವರಾದರು. 1974ರಲ್ಲಿ ಸ್ವೀಡನ್ನಿನ ಬ್ಯೋರ್ನ್ ವಾಲ್ಡೆಗಾರ್ಡ್ 2.7 ಲೀಟರಿನ ಕರೇರಾ ಆರ್.ಎಸ್. ತಂದರು. ಅವರೇ ಮುಂದಿದ್ದರು, ಸಸ್ಪೆನ್ಷನ್ ಮುರಿಯಿತು. ಗೆದ್ದವರು 1.6 ಲೀಟರಿನ ಮಿತ್ಸುಬಿಷಿ ಲಾನ್ಸರ್ ಓಡಿಸಿದ ಜೋಗಿಂದರ್ ಸಿಂಗ್. 1978ರಲ್ಲಿ ಕಂಪನಿ ನೆಲದಿಂದ 28 ಸೆಂಟಿಮೀಟರು ಎತ್ತರಕ್ಕೇರಿಸಿದ ಕಾರುಗಳನ್ನು ಕಳಿಸಿತು. ಮತ್ತೆ ಎರಡನೆಯ ಸ್ಥಾನ. ಆ ಹಳೆಯ ಸಫಾರಿಯನ್ನು 911 ಗೆಲ್ಲಲೇ ಇಲ್ಲ. ಜೋಗಿಂದರರಾದರೋ 1976ರಲ್ಲಿ ಮೂರನೆಯ ಬಾರಿ ಗೆದ್ದರು. 22 ಸಲ ಹೊರಟು 19 ಸಲ ಗುರಿ ಮುಟ್ಟಿದವರು ಅವರು. ಏಳೇ ಕಾರುಗಳು ಮುಟ್ಟುತ್ತಿದ್ದ ಹಾದಿಯಲ್ಲಿ ಇದಕ್ಕಿಂತ ದೊಡ್ಡ ಬಿರುದು ಬೇಕೆ?

ಹಳೆಯ ಕಾರುಗಳಿಗೆಂದೇ ಅಲ್ಲಿ ನಡೆಯುವ ‘ಸಫಾರಿ ಕ್ಲಾಸಿಕ್’ ಓಟದಲ್ಲಿ 2011ರಲ್ಲಿ ವಾಲ್ಡೆಗಾರ್ಡ್ ಮತ್ತೆ 911 ಏರಿದರು. ಪಕ್ಕದಲ್ಲಿ ಮಗ. ಆ ಸಲ ಗೆದ್ದರು. ತಪ್ಪಿದ ಗೆಲುವು ಕೈಸೇರಲು 37 ವರ್ಷ ಹಿಡಿಯಿತು. 2022ರಲ್ಲಿ ಪೋರ್ಷೆ ಕಂಪನಿ ಮೈ ಎತ್ತರಿಸಿದ ‘911 ಡಕಾರ್’ ಎಂಬ ಬೀದಿ ಕಾರನ್ನು ಹೊರತಂದು, 2,500ಕ್ಕೆ ಮಿತಿ ಹಾಕಿತು. ಸ್ಪೋರ್ಟ್ ಸಸ್ಪೆನ್ಷನ್ನಿನ ಕರೇರಾಕ್ಕಿಂತ ಅದು ಸುಮಾರು 50 ಮಿಲಿಮೀಟರು ಎತ್ತರ. ಬೇಕಾದಾಗ ಇನ್ನೂ 30 ಮಿಲಿಮೀಟರು ಏಳುತ್ತದೆ. ಹಿಂದೆ ಗ್ಯಾರೇಜಿನವರು ಬೆಸುಗೆ ಹಾಕಿ, ಹಲಗೆ ಕಟ್ಟಿ ಮಾಡುತ್ತಿದ್ದ ಕೆಲಸ ಈಗ ಗುಂಡಿ ಒತ್ತಿದರೆ ಆಗುತ್ತದೆ.

ಮೆಹ್ತಾ 2006ರಲ್ಲಿಯೂ ಜೋಗಿಂದರ್ 2013ರಲ್ಲಿಯೂ ತೀರಿಕೊಂಡರು. ಕೀನ್ಯಾದ ಸಿಂಹವೆಂದು ಹೆಸರಾಗಿದ್ದ ಜೋಗಿಂದರರು ಕಣ್ಣು ಮುಚ್ಚಿದ್ದು ದೂರದ ಲಂಡನ್ನಿನಲ್ಲಿ. 2002ರ ನಂತರ ವಿಶ್ವ ಚಾಂಪಿಯನ್‌ಷಿಪ್ಪಿನಿಂದ ಹೊರಗುಳಿದಿದ್ದ ಸಫಾರಿ 2021ರಲ್ಲಿ ಅಲ್ಲಿಗೆ ಮರಳಿತು. ಊರು ಬಿಟ್ಟು ಬಂದ ಊರಿನ ರಸ್ತೆಗಳನ್ನು ತಿರುವು ತಿರುವಾಗಿ ಕಲಿತ ನಮ್ಮಂಥವರು, ಮುಂದೆ ಎಲ್ಲಿಯಾದರೂ ಗರಸಿನ ಮೇಲೆ ಕಾರು ಗಡಗಡಿಸಿದಾಗ, ಈ ಇಬ್ಬರನ್ನು ಒಮ್ಮೆ ನೆನೆಯೋಣ.